ಮಡಿಲಕ್ಕಿ ಬೆಂದ ದಿನ

ನನ್ನ ಸೀಮಂತದಲ್ಲಿ ನಡೆದದ್ದು ಇಷ್ಟೇ: ಮಡಿಲಿಗೆ ತುಂಬಬೇಕಾಗಿದ್ದ ಅಕ್ಕಿಯನ್ನು ನಮ್ಮವ್ವ ದಾರಿಯಲ್ಲೇ ಬೇಯಿಸಿ ಅನ್ನ ಮಾಡಿಕೊಂಡು ಬಂದಳು. ಎತ್ತು ಮುಗ್ಗರಿಸಿತು, ಹಾವು ಅಡ್ಡ ಬಂತು, ಮನೆದೇವರು ಮುನಿದ ಅಂತೆಲ್ಲಾ ನಮ್ಮ ನೆಂಟರು ಆಮೇಲೆ ಸೇರಿಸಿದರು. ಯಾವ ದೇವರೂ ಮುನಿಯಲಿಲ್ಲ. ಎತ್ತುಗಳು ಚೆನ್ನಾಗಿಯೇ ನಡೆದವು. ಅಕ್ಕಿ ಬೆಂದಿತ್ತು, ಅಷ್ಟೆ.

ಇದು ಈಗ ಯಾಕೆ ನೆನಪಿಗೆ ಬಂತೆಂದರೆ, ಮೊಮ್ಮಗಳ ಗಂಡ ಅಟ್ಟದ ಮೇಲಿಂದ ಒಂದು ಹಿತ್ತಾಳೆ ತಪ್ಪಲೆ ಇಳಿಸಿದ. ಅವಳಿಗೆ ಈಗ ಏಳು ತಿಂಗಳು. ಸೀಮಂತಕ್ಕೆ ಏನೇನು ಆಗಬೇಕು ಅಂತ ಒಂದು ನೋಟುಪುಸ್ತಕದ ತುಂಬಾ ಬರೆದಿಟ್ಟಿದ್ದಾಳೆ. ಕುರ್ಚಿಗೆ ಹೂವು ಎಷ್ಟು ಮೊಳ, ಬಂದವರಿಗೆ ಏನು ಆಟ, ಗೆದ್ದವರಿಗೆ ಏನು ಬಹುಮಾನ, ತಪ್ಪಲೆಯಲ್ಲಿ ನೀರು ತುಂಬಿ ಅದರಲ್ಲಿ ಯಾವ ಹೂವು ತೇಲಬೇಕು, ಎಲ್ಲಾ ಇದೆ. ಪುಸ್ತಕದ ಮೇಲ್ಗಡೆ 'ಎಲ್ಲರೂ ನಗಬೇಕು, ಯಾರೂ ಮರೆಯಬಾರದು' ಅಂತ ಕೆಂಪು ಮಸಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ.

"ಯಾರೂ ಮರೀಬಾರ್ದು ಅಂದ್ರೆ ಏನಾರ ಒಂದು ಕೆಡ್ಬೇಕು ಕನವ್ವ," ಅಂದೆ.

"ಅಜ್ಜೀ, ಬಾಯಲ್ಲಿ ಒಳ್ಳೇ ಮಾತೇ ಬರಲ್ವಲ್ಲ ನಿಂಗೆ. ಈ ತಪ್ಪಲೆ ತಳದ ಕರಿ ಯಾಕೆ ಹೋಗ್ತಾ ಇಲ್ಲ? ಹುಣಸೆಹಣ್ಣು, ಬೂದಿ, ಸೋಪಿನ ಪುಡಿ, ಎಲ್ಲಾ ಹಾಕಿ ಉಜ್ಜಾಯ್ತು."

ಹೋಗುವುದಿಲ್ಲ. ಸೌದೆ ಒಲೆಯಲ್ಲಿ ಪಾತ್ರೆ ಇಡುವ ಮೊದಲು ತಳಕ್ಕೆ ಬೂದಿಯನ್ನು ನೀರಲ್ಲಿ ಕಲಸಿ ಬಳಿಯಬೇಕು. ಬಳಿದರೆ ಕರಿಯೆಲ್ಲಾ ಬೂದಿಗೆ ಹಿಡಿದು, ತೊಳೆದಾಗ ಬಿಟ್ಟುಹೋಗುತ್ತದೆ. ಬಳಿಯದೆ, ಅದೂ ಹಸಿ ಜಾಲಿಸೌದೆ ಮೇಲಿಟ್ಟರೆ, ಆ ಕರಿ ಮೂರು ತಲೆಮಾರು ಬಿಡುವುದಿಲ್ಲ. ನಮ್ಮವ್ವ ಅಡುಗೆಯಲ್ಲಿ ಅಷ್ಟು ಅಚ್ಚುಕಟ್ಟಿನವಳು, ಆ ದಿನ ಬೂದಿ ಬಳಿದಿರಲಿಲ್ಲ. ರಸ್ತೆ ಬದಿಯಲ್ಲಿ ಬೂದಿ ಎಲ್ಲಿಂದ ಬರಬೇಕು ಹೇಳಿ.

ಮೊದಲು ಸೀಮೆಯ ವಿಚಾರ ಹೇಳಿಬಿಡುತ್ತೇನೆ. ನನ್ನ ತವರು ಯಳಂದೂರಿನ ಮಗ್ಗುಲ ಹಳ್ಳಿ. ಆಗ ಅದು ಮೈಸೂರು ಮಹಾರಾಜರದು. ನನ್ನನ್ನು ಕೊಟ್ಟದ್ದು ಕೊಳ್ಳೇಗಾಲದ ಆಚೆ ಮುಳ್ಳೂರಿಗೆ. ಅದು ಮದರಾಸು ಸೀಮೆ. ಎರಡು ಕಡೆಯೂ ಅದೇ ಕನ್ನಡ, ಅದೇ ಮುದ್ದೆ, ಅದೇ ಸೊಳ್ಳೆ. ನಡುವೆ ರಸ್ತೆಗೆ ಅಡ್ಡ ಒಂದು ಬಿದಿರು ಕಟ್ಟಿ, ಪಕ್ಕದಲ್ಲಿ ಒಂದು ಸೋಗೆ ಗುಡಿಸಲು ಹಾಕಿ, ಅದರೊಳಗೆ ಒಬ್ಬ ಗುಮಾಸ್ತನನ್ನು ಕೂರಿಸಿದ್ದರು. ಎಲ್ಲೋ ದೊಡ್ಡ ಯುದ್ಧ ನಡೆಯುತ್ತಿತ್ತು. ಯಾರು ಯಾರ ಮೇಲೆ ಅಂತ ನಮಗೆ ತಿಳಿಯದು, ಅಕ್ಕಿಯ ಮೇಲೆ ಅಂತ ಮಾತ್ರ ಗೊತ್ತಿತ್ತು. ಅಕ್ಕಿಗೆ ಕಂಟ್ರೋಲು ಬಂದಿತ್ತು. ಈ ಸೀಮೆಯ ಅಕ್ಕಿ ಆ ಸೀಮೆಗೆ ದಾಟುವ ಹಾಗಿಲ್ಲ, ಆ ಸೀಮೆಯದು ಇತ್ತ ಬರುವ ಹಾಗಿಲ್ಲ. ಮನೆಯಲ್ಲೂ ಹೆಚ್ಚಿಗೆ ಇಟ್ಟುಕೊಳ್ಳುವಂತಿಲ್ಲ. ಇಟ್ಟರೆ ಊರ ಮುನ್ಸೀಪರು ಬರೆದುಕೊಂಡು ಹೋಗಿ ಎತ್ತಿಸಿಬಿಡುತ್ತಿದ್ದರು. ಮದರಾಸು ಸೀಮೆಯಲ್ಲಿ ಊರಿಗೆ ಹಿರಿಯ ಅಧಿಕಾರಿಯೆಂದರೆ ಈ ಮುನ್ಸೀಪರೇ.

ಇಂಥ ಕಾಲದಲ್ಲಿ ನಾನು ಬಸುರಿಯಾದೆ. ಬಯಕೆ ಹತ್ತಿದ್ದು ಯಾತರ ಮೇಲೆ ಅಂತೀರಿ? ಹಸಿ ಅಕ್ಕಿಯ ಮೇಲೆ. ಬೇರೆಯವರಿಗೆ ಮಾವಿನಕಾಯಿ ಬೇಕು, ಹುಣಸೆ ಚಿಗುರು ಬೇಕು. ನನಗೆ ಒಣ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಕರಕರ ಅಂತ ಅಗಿಯಬೇಕು. ಬಯಕೆ ತೀರದಿದ್ದರೆ ಹುಟ್ಟುವ ಮಗುವಿಗೆ ಕಿವಿ ಸೋರುತ್ತದೆ ಅನ್ನುತ್ತಿದ್ದರು. ಅತ್ತೆಯ ಹತ್ತಿರ ಹೇಳಿದೆ.

"ಅಕ್ಕಿಯಾ? ಮಾರಾಣಿಗೆ ಅಕ್ಕಿ ಬೇಕಂತೆ! ಈ ಮನೇಲಿ ಒಂದು ಕಾಳು ಅಕ್ಕಿ ಇದ್ರೆ ನನ್ನ ನಾಲ್ಗೆ ಸೀದೋಗ್ಲಿ. ರಾಗಿ ಅದೆ, ಅಗಿ," ಅಂದರು.

ಅತ್ತೆಯ ನಾಲಗೆ ಸೀಯಲಿಲ್ಲ, ಎಂಬತ್ತು ದಾಟಿದ ಮೇಲೂ ಚೆನ್ನಾಗಿಯೇ ಆಡುತ್ತಿತ್ತು. ಆದರೆ ಅಕ್ಕಿ ಇತ್ತು. ನಡುಮನೆಯ ಗೋಡೆಗೆ ಒರಗಿಸಿ ಒಂದು ಉದ್ದನೆಯ ಮರದ ಪೆಟ್ಟಿಗೆ ಇಟ್ಟಿದ್ದರು. ಮೇಲೆ ಮಡಿಸಿದ ಕಂಬಳಿ. ಕೇಳಿದವರಿಗೆ ಹಳೇ ಕಂಬಳಿ, ಎತ್ತಿನ ಗೆಜ್ಜೆ ಅದರಲ್ಲಿವೆ ಅನ್ನುತ್ತಿದ್ದರು. ಬಸುರಿಯ ಮೂಗು ನಾಯಿಯ ಮೂಗು. ಆರನೇ ತಿಂಗಳಿಗೇ ನನಗೆ ತಿಳಿದುಹೋಯಿತು. ಪೆಟ್ಟಿಗೆಯ ಹಿಂದಿನ ಹಲಗೆಯಲ್ಲಿ ಒಂದು ಸೀಳು ಇತ್ತು. ಎಲ್ಲರೂ ಹೊಲಕ್ಕೆ ಹೋದ ಮೇಲೆ ಪೊರಕೆಕಡ್ಡಿ ತೂರಿಸಿ ಕೆದಕಿದರೆ ಒಂದು ಹಿಡಿ ಉದುರುತ್ತಿತ್ತು. ಒಂದು ತಿಂಗಳು ದಿನಕ್ಕೊಂದು ಹಿಡಿ ಕದ್ದು ತಿಂದೆ. ಮೊಮ್ಮಕ್ಕಳಿಗೆ ಕದಿಯಬಾರದು ಅಂತ ಹೇಳುವಾಗ ನಾನು ಗೋಡೆ ಕಡೆ ನೋಡಿಕೊಂಡು ಹೇಳುವುದು ಇದಕ್ಕೇ.

ಬಯಕೆಯ ಚಿಂತೆ ಹೀಗೆ ತೀರಿತ್ತು. ತೀರದಿದ್ದ ಚಿಂತೆ ಬೇರೆ. ಹೆರಿಗೆಗೆ ತವರಿಗೆ ಹೋಗುತ್ತೇನೋ ಇಲ್ಲವೋ ಅನ್ನುವುದು. ಅವ್ವನ ಮುಖ ನೋಡಬೇಕು ಅಂತೆಲ್ಲಾ ಏನಿಲ್ಲ, ನೋಡಿದ ಮುಖವೇ. ನನಗೆ ನಿದ್ದೆ ಬೇಕಿತ್ತು. ತವರಿನಲ್ಲಿ ಹೆತ್ತರೆ ಐದು ತಿಂಗಳು ಬಾಣಂತನ. ಮುಳ್ಳೂರಿನಲ್ಲಿ ಹೆತ್ತರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಓರಗಿತ್ತಿ ಗೌರಮ್ಮಕ್ಕ ಕಣ್ಣೆದುರಿಗೇ ಇದ್ದಳು. ಅವಳಿಗೆ ತವರಲ್ಲಿ ಯಾರೂ ಇಲ್ಲ. ಅಲ್ಲೇ ಹೆತ್ತಳು. ಹತ್ತನೇ ದಿನ ರಾಗಿಕಲ್ಲಿನ ಮುಂದೆ ಕೂತಳು, ಕೂಸನ್ನು ತೊಡೆ ಮೇಲೆ ಹಾಕಿಕೊಂಡು.

"ಓಗೋದಾದ್ರೆ ಏಳ್ರಲ್ಲೇ ಒಂಟೋಗು," ಅನ್ನುತ್ತಿದ್ದಳು ಅವಳು. "ಎಂಟು ಬಂದ್ರೆ ಅತ್ತೆಮ್ಮ ಒಸ್ಲು ದಾಟ್ಸದಿಲ್ಲ. ಒಂಬತ್ತು ಬಂದ್ರೆ, ತುಂಬಿದ ಬಸ್ರಿಯ ಗಾಡಿ ಮೇಲೆ ಕುಳ್ಳುಸ್ಬಾರ್ದು ಅಂತಾರೆ. ಅಲ್ಗೆ ಮುಗೀತು. ಬಾ, ನನ್ನ ಪಕ್ಕದಲ್ಲೇ ಇನ್ನೊಂದು ರಾಗಿಕಲ್ಲು ಅದೆ."

ಅತ್ತೆಯ ಮಾತು ಖಡಾಖಂಡಿತವಾಗಿತ್ತು. ಮಡಿಲು ತುಂಬುವ ಶಾಸ್ತ್ರ ಏಳನೇ ತಿಂಗಳಲ್ಲಿ ಆಗಬೇಕು. ಅಕ್ಕಿಯನ್ನು ತವರಿನವರೇ ತರಬೇಕು. ಬರಿಮಡಿಲಲ್ಲಿ ಬಸುರಿಯನ್ನು ಹೊಸಿಲು ದಾಟಿಸುವುದಿಲ್ಲ. ಹೇಳಿ ಕಳಿಸುವುದನ್ನು ತಡ ಮಾಡಿ ಮಾಡಿ, ಏಳನೇ ತಿಂಗಳು ಮುಗಿಯುವ ಹಿಂದಿನ ದಿನವನ್ನೇ ಅವರು ಗೊತ್ತು ಮಾಡಿದ್ದು. ರಾಗಿ ಕೊಯ್ಲು ಮುಂದಿತ್ತು. ಒಂದು ಜೊತೆ ಕೈ ಯಾಕೆ ಬಿಟ್ಟುಕೊಡಬೇಕು? ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೋ ಏನೋ. ಆದರೆ ಅವರ ಜಾಗದಲ್ಲಿ ನಾನಿರಲಿಲ್ಲ.

ಆ ದಿನ ಬೆಳಿಗ್ಗೆ ನನಗೆ ಎಣ್ಣೆ ನೀರು ಹಾಕಿ, ಹಸಿರು ಸೀರೆ ಉಡಿಸಿ, ಕೈತುಂಬಾ ಹಸಿರು ಬಳೆ ಇಟ್ಟು, ಹಣೆಗೆ ವಿಭೂತಿ ಹಚ್ಚಿ, ಅತ್ತೆ ತಾವೇ ಕೈಹಿಡಿದು ಕರೆದುಕೊಂಡು ಹೋಗಿ ಕೂರಿಸಿದರು. ಎಲ್ಲಿ ಅಂತೀರಿ? ಆ ಪೆಟ್ಟಿಗೆಯ ಮೇಲೆ. ಕಂಬಳಿಯ ಮೇಲೆ ಜಮಖಾನ ಬೇರೆ. ಯಾಕೆಂದರೆ ಬಳೆ ಶಾಸ್ತ್ರಕ್ಕೆ ಮುನ್ಸೀಪರ ಹೆಂಡತಿಯನ್ನೂ ಕರೆದಿದ್ದರು, ಕರೆಯದೆ ಇರುವ ಹಾಗಿರಲಿಲ್ಲ. ಆಯಮ್ಮ ಯಾರ ಮನೆಗೆ ಹೋದರೂ ಮೊದಲು ಕಣ್ಣು ಹಾಯಿಸುವುದು ಮೂಲೆಗಳ ಮೇಲೆ. ಬಸುರಿಯನ್ನು ಏಳು ಅಂತ ಯಾರೂ ಅನ್ನುವುದಿಲ್ಲವಲ್ಲ. ಅತ್ತೆಯ ಬುದ್ಧಿಗೆ ಈಗಲೂ ಕೈಮುಗಿಯುತ್ತೇನೆ.

"ಯಾರ್ ಬಂದ್ರೂ ಏಳ್ಬೇಡ. ಶಿವನೇ ಬಂದ್ರೂ ಕುಂತಿರು," ಅಂದರು ಕಿವಿಯಲ್ಲಿ.

ಕೂತೆ. ಹೆಂಗಸರು ಬಂದರು, ಆರತಿ ತಟ್ಟೆ ಬಂತು, ಮುನ್ಸೀಪರ ಹೆಂಡತಿ ಬಂದರು. ನಮ್ಮ ಯಜಮಾನರು ಹೂವು ತರಲು ಹೋದವರು ಹೂವಿನ ಜೊತೆ ಒಂದು ಕುಂಬಳಕಾಯಿ ತಂದು, ಅದನ್ನು ಎಲ್ಲಿಡಬೇಕು ಅಂತ ಅವರವ್ವನನ್ನು ಕೇಳಿಕೊಂಡು ಓಡಾಡುತ್ತಿದ್ದರು. ನನ್ನ ಅವ್ವನ ಗಾಡಿ ಮಾತ್ರ ಬರಲಿಲ್ಲ. ಹೊತ್ತು ನೆತ್ತಿಗೆ ಬಂತು. ನೆತ್ತಿಯಿಂದ ಇಳಿಯಿತು. ಸೋಬಾನೆ ಹೇಳುವವರಿಗೆ ಹಾಡು ಮುಗಿದು, ಮೊದಲು ಹೇಳಿದ್ದನ್ನೇ ಮತ್ತೆ ಶುರು ಮಾಡಿದರು.

"ಬೀಗ್ತಿ ಇನ್ನೂ ಬತ್ತ ನಾಟಿ ಮಾಡ್ತಾವ್ಳೆ ಅಂತ ಕಾಣ್ತದೆ," ಅಂದರು ಅತ್ತೆ ಎಲ್ಲರಿಗೂ ಕೇಳುವ ಹಾಗೆ. "ಬೆಳ್ದು, ಕುಯ್ದು, ಕುಟ್ಕಂಡು ಬರ್ಬೇಕಲ್ಲ. ಬರ್ಲಿ ಬುಡಿ, ಅಷ್ಟೊತ್ಗೆ ಕೂಸು ಇಸ್ಕೂಲ್ಗೋಗ್ತದೆ."

ಎಲ್ಲರೂ ನಕ್ಕರು. ನನಗೂ ನಗು ಬಂತು, ಆದರೆ ಕಣ್ಣು ಬಾಗಿಲ ಮೇಲೇ ಇತ್ತು. ದೀಪ ಹಚ್ಚುವ ಮೊದಲು ಮಡಿಲು ತುಂಬದಿದ್ದರೆ ನನಗೂ ರಾಗಿಕಲ್ಲೇ ಗತಿ.

ಗಾಡಿ ಬಂತು. ನಮ್ಮವ್ವ ಇಳಿದಳು. ಸೀರೆಯೆಲ್ಲಾ ಹೊಗೆ, ಮೂಗಿನ ತುದಿಗೆ ಮಸಿ. ಅವಳ ತಮ್ಮ, ನನ್ನ ಸೋದರಮಾವ, ಹಿಂದಿನಿಂದ ಈ ತಪ್ಪಲೆಯನ್ನು ಬಟ್ಟೆ ಸುತ್ತಿ ಹೊತ್ತುಕೊಂಡು ಬಂದು ನಡುಮನೆಯಲ್ಲಿ ಇಳಿಸಿದ. ಅತ್ತೆ ಮುಚ್ಚಳ ತೆಗೆದರು. ಒಳಗಿನಿಂದ ಆವಿ ಬಂತು.

"ಏನಿದು ಬೀಗ್ತಿ?"

"ಮಡ್ಲಕ್ಕಿ," ಅಂದಳು ಅವ್ವ.

"ಬೆಂದದಲ್ಲ!"

"ಏನ್ಮಾಡ್ಲವ್ವ? ಆ ಕಂಟ್ರೋಲ್ ಗುಮಾಸ್ತ ಅಕ್ಕಿಯ ಬುಡ್ನಿಲ್ಲ. ಅನ್ನವ ಬುಟ್ಟ."

ಆದದ್ದು ಇಷ್ಟು. ಗಾಡಿಯಲ್ಲಿ ಹುಳಿಯನ್ನ, ಚಿತ್ರಾನ್ನ, ಮೊಸರನ್ನದ ಬುತ್ತಿ ಇದ್ದವು. ಗುಮಾಸ್ತ ಅದನ್ನೆಲ್ಲಾ ನೋಡಿ, ಬೆಂದದ್ದಕ್ಕೆ ಕಂಟ್ರೋಲಿಲ್ಲ, ಹೋಗಲಿ ಅಂದನಂತೆ. ತಪ್ಪಲೆಯಲ್ಲಿದ್ದ ಐದು ಸೇರು ಅಕ್ಕಿ ಮಾತ್ರ ದಾಟುವ ಹಾಗಿಲ್ಲ ಅಂದನಂತೆ. ಶಾಸ್ತ್ರದ ಅಕ್ಕಿ ಅಂದರೂ ಕೇಳಲಿಲ್ಲ. ಪಾಪ, ಅವನಿಗೆ ಮೇಲಿನವರು ಹೇಳಿದ್ದು ಅಷ್ಟು. ನಮ್ಮವ್ವ ಒಂದು ಗಳಿಗೆ ಯೋಚನೆ ಮಾಡಿ, "ಅಂಗಾರೆ ಇದ್ನೂ ಬೇಸ್ಬುಟ್ರೆ ಬುಡ್ತೀರಾ ಸಾ?" ಅಂದಳು. ಅವನು ತಮಾಷೆ ಅಂದುಕೊಂಡು, "ಓಹೋ, ಬೇಸ್ಕಂಡ್ ಬಾ, ಬುಡ್ತೀನಿ," ಅಂದ. ಅವ್ವನ ಹತ್ತಿರ ತಮಾಷೆ ನಡೆಯುವುದಿಲ್ಲ. ರಸ್ತೆ ಬದಿ ಮೂರು ಕಲ್ಲು ಹೂಡಿದಳು, ಜಾಲಿಸೌದೆ ಮುರಿದಳು. ಹಸಿ ಸೌದೆಯ ಹೊಗೆಯೆಲ್ಲಾ ಅವನ ಗುಡಿಸಲಿಗೇ ನುಗ್ಗಿತಂತೆ. ಅವನು ಕೆಮ್ಮಿಕೊಂಡು ಹೊರಗೆ ಬಂದು, ಸಾಕು ಹೋಗಮ್ಮಾ ಅಂದರೂ ಇವಳು ಬಿಡಲಿಲ್ಲ. "ಅರ್ಧ ಬೆಂದದ್ನ ಎಂಗ್ ತಕಂಡೋಗ್ಲಿ ಸಾ? ಆಮೇಲೆ ಅರ್ಧ ಕಂಟ್ರೋಲು ಅಂದ್ಬುಟ್ರೆ?" ಪೂರ್ತಿ ಬೇಯಿಸಿ, ಅವನಿಗೂ ಒಂದು ಎಲೆ ಬಡಿಸಿ, ಆಮೇಲೆ ಗಾಡಿ ಹತ್ತಿದಳು.

"ಶಾಸ್ತ್ರಕ್ಕೆ ಬೇಕಾದ್ದು ಅಕ್ಕಿ," ಅಂದರು ಅತ್ತೆ. ಮುಖದಲ್ಲಿ ದುಃಖ ಇರಬೇಕಿತ್ತು, ಇರಲಿಲ್ಲ. "ಅನ್ನವ ಮಡ್ಲಿಗೆ ಉಯ್ಯಕ್ಕಾದದಾ? ನಮ್ಮ ಮನೇಲಿ ನೋಡುದ್ರೆ ಒಂದು ಕಾಳಿಲ್ಲ, ಎಲ್ಲಾರ್ಗೂ ಗೊತ್ತು. ಇರ್ಲಿ ಬುಡಿ, ಒಂಬತ್ತಕ್ಕೆ ನೋಡವ."

ಗೌರಮ್ಮಕ್ಕ ನನ್ನ ಕಡೆ ನೋಡಿದಳು. ನಾನು ನನ್ನ ಕೆಳಗಿದ್ದ ಪೆಟ್ಟಿಗೆಯ ಕಡೆ ನೋಡಿದೆ. ನನಗೆ ಓದು ಮೂರನೇ ಕ್ಲಾಸಿಗೆ ನಿಂತಿತ್ತು, ಬುದ್ಧಿ ನಿಂತಿರಲಿಲ್ಲ.

"ಅತ್ತೆಮ್ಮ, ಕಾಲು ಜೋಮ್ ಹಿಡ್ದದೆ. ಒಸಿ ಏಳ್ತೀನಿ," ಅಂದೆ.

"ಕುಂತ್ಕೊ!"

"ಪೆಟ್ಗೆ ಒತ್ತುತಾ ಅದೆ. ಕಂಬ್ಳಿ ತಗುದ್ಬುಟ್ಟು ಸರಿ ಮಾಡ್ಕಂಡು ಕುಂತ್ಕತೀನಿ."

ಹೆಂಗಸರಿಗೆ ಅಷ್ಟು ಸಾಕಾಯಿತು. "ಅಯ್ಯೋ, ಬಸ್ರಿಗೆ ಒತ್ತುತದಂತೆ, ಏಳ್ಸಿ ಏಳ್ಸಿ, ಪೆಟ್ಗೆಯ ಈಚ್ಗೆ ಎಳೀರಿ" ಅಂತ ನಾಲ್ಕು ಜನ ಎದ್ದೇಬಿಟ್ಟರು. ಅತ್ತೆ ಅವರೆಲ್ಲರನ್ನೂ ದಾಟಿಕೊಂಡು ಬಂದು, ನನ್ನ ಮುಡಿ ಸರಿಮಾಡುವವರ ಹಾಗೆ ಬಗ್ಗಿದರು.

"ಏನೇ ಬೇಕು ನಿಂಗೆ?" ಉಸಿರಲ್ಲೇ ಕೇಳಿದರು.

"ನಾಳೆ ಬೆಳಿಗ್ಗೆ ಗಾಡಿ."

"ಯಾವತ್ತಿಂದ ಗೊತ್ತು?"

"ಒಂದು ತಿಂಗ್ಳಾಯ್ತು. ಹಿಂದುಗಡೆ ಸೀಳದೆ."

ಅತ್ತೆ ನನ್ನ ತಲೆಯ ಹೂವನ್ನು ಇನ್ನೊಂದು ಸಲ ಸರಿಮಾಡಿದರು, ಪಿನ್ನು ನೆತ್ತಿಗೆ ಚುಚ್ಚುವ ಹಾಗೆ. "ಕಳಿಸ್ತೀನಿ. ಮುಚ್ಕಂಡು ಕುಂತಿರು."

ಆಮೇಲೆ ಎದ್ದು ನಿಂತು, "ಅಲ್ಲಾ, ಮರ್ತೇ ಓಗಿತ್ತು ನೋಡಿ. ದೇವ್ರಿಗೆ ಅಂತ ಒಂದೀಟು ಮೀಸ್ಲು ಅಕ್ಕಿ ಕಟ್ಟಿಟ್ಟಿದ್ದೆ. ಎಲ್ಲಾರೂ ಒಸಿ ಜಗಲಿಗೆ ನಡೀರಿ, ಮಡೀಲಿ ತಗೀಬೇಕು," ಅಂದರು.

ಎಲ್ಲರೂ ಹೋದರು. ಮುನ್ಸೀಪರ ಹೆಂಡತಿ ಮಾತ್ರ ಕದಲಲಿಲ್ಲ.

"ನಂಗೆ ಮಂಡಿ ನೋವು ಕಣ್ರಿ. ಎದ್ರೆ ಕೂರಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ. ಇಲ್ಲೇ ಗೋಡೆ ಕಡೆ ತಿರುಕ್ಕೊಂಡು ಕೂತಿರ್ತೀನಿ, ತಗೀರಿ."

ಹೊರಗೆ ಹೊತ್ತು ಕೆಂಪಾಗುತ್ತಿತ್ತು. ಅತ್ತೆಗೆ ಬೇರೆ ದಾರಿಯಿರಲಿಲ್ಲ. ನನ್ನನ್ನು ಎಬ್ಬಿಸಿ, ಕಂಬಳಿ ಸರಿಸಿ, ಮುಚ್ಚಳ ಎತ್ತಿದರು. ಅಕ್ಕಿ ಪೆಟ್ಟಿಗೆಯ ಬಾಯಿವರೆಗೆ ಇತ್ತು, ನಾನು ಕದ್ದ ಕಡೆ ಮಾತ್ರ ಒಂದು ಗುಳಿ. ಮುನ್ಸೀಪರ ಹೆಂಡತಿ ಗೋಡೆ ಕಡೆ ತಿರುಗಿರಲೇ ಇಲ್ಲ. ಅಕ್ಕಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಆಮೇಲೆ ಆಯಮ್ಮ ಮಂಡಿ ನೋವನ್ನು ಮರೆತು ಎದ್ದು ಬಂದು, ತಮ್ಮ ಸೆರಗನ್ನು ಎರಡು ಕೈಯಲ್ಲಿ ಹರಡಿ ಹಿಡಿದರು.

"ಬಸ್ರಿ ಮಡ್ಲು ತುಂಬಿದ್ಮೇಲೆ ಬಂದ ಮುತ್ತೈದೇರ್ಗೂ ತುಂಬ್ಬೇಕಲ್ವ? ನಿಮ್ಮ ಮನೇಲಿ ಆ ಪದ್ಧತಿ ಇಲ್ವ?"

"ಇಲ್ದೆ ಏನು," ಅಂದರು ಅತ್ತೆ. ಆ ಎರಡು ಮಾತಿಗೆ ಅವರು ಪಟ್ಟ ಪಾಡು ಹೆರಿಗೆಯಲ್ಲಿ ನಾನೂ ಪಡಲಿಲ್ಲ.

ಜಗಲಿಯಲ್ಲಿದ್ದ ಹೆಂಗಸರು ಒಳಗೆ ಬಂದರು. ಮೊದಲು ನನ್ನ ಮಡಿಲಿಗೆ ಐದು ಸೇರು, ಕೊಬ್ಬರಿ, ಬೆಲ್ಲ, ಅರಿಸಿನದ ಕೊಂಬು. ಆಮೇಲೆ ಮುನ್ಸೀಪರ ಹೆಂಡತಿಗೆ. ಆಯಮ್ಮ ಸಾಕು ಅನ್ನಲಿಲ್ಲ. ಆಮೇಲೆ ಸಾಲಾಗಿ ಎಲ್ಲರಿಗೂ. ಎಷ್ಟೋ ತಿಂಗಳಿಂದ ಅಕ್ಕಿ ಕಾಣದವರು ಸೆರಗನ್ನು ಎರಡು ಪದರ ಮಾಡಿಕೊಂಡು ನಿಂತರು. ಸುದ್ದಿ ತಿಳಿದು ಮಡಿಲು ತುಂಬಿಸಿಕೊಳ್ಳಲು ಕೆಳಗಿನ ಬೀದಿಯವರೂ ಬಂದರು. ಗೌರಮ್ಮಕ್ಕ ಎರಡು ಸಲ ಬಂದಳು, ಎರಡನೇ ಸಲ ತಲೆಗೆ ಸೆರಗು ಹೊದ್ದುಕೊಂಡು. ಪೆಟ್ಟಿಗೆಯ ತಳ ಕಂಡಾಗ ನಿಜವಾಗಿಯೂ ಒಂದು ಜೊತೆ ಎತ್ತಿನ ಗೆಜ್ಜೆ ಸಿಕ್ಕಿತು. ಅತ್ತೆ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು, ನಾನು ಸುಳ್ಳು ಹೇಳಿರಲಿಲ್ಲ ಅನ್ನುವ ಹಾಗೆ.

ಅವ್ವ ತಂದ ಅನ್ನವನ್ನು ಸಾರಿನ ಜೊತೆ ಎಲ್ಲರೂ ಉಂಡರು. ಹೊಗೆ ವಾಸನೆ ಇತ್ತು. ಯಾರೂ ಎಲೆಯಲ್ಲಿ ಒಂದಗುಳು ಬಿಡಲಿಲ್ಲ. ನಮ್ಮ ಯಜಮಾನರು ಕುಂಬಳಕಾಯಿಯನ್ನು ಖಾಲಿ ಪೆಟ್ಟಿಗೆಯೊಳಗೆ ಇಟ್ಟರು.

ಮೊಮ್ಮಗಳು ಈಗ ಕೇಳುತ್ತಾಳೆ, "ಆಟ ಏನೂ ಆಡಿಸ್ಲೇ ಇಲ್ವಾ ಅಜ್ಜಿ?" ಅಂತ. ಇನ್ನೇನು ಆಡಿಸಬೇಕಿತ್ತು?

ಮಾರನೇ ಬೆಳಿಗ್ಗೆ ಅತ್ತೆ ಮಾತಿಗೆ ತಪ್ಪದೆ ನನ್ನನ್ನು ಗಾಡಿ ಹತ್ತಿಸಿದರು. "ಮಡ್ಲ ಗಂಟ ದಾರೀಲಿ ಬಿಚ್ಬೇಡ. ತವರ್ಮನೆ ದೇವ್ರ ಮುಂದೇನೇ ಬಿಚ್ಬೇಕು," ಅಂದರು. ಆಯ್ತು ಅಂದೆ. ಕೊಳ್ಳೇಗಾಲ ದಾಟಿದೆವು. ಬಿದಿರು ಅಡ್ಡ ಇತ್ತು. ಅದೇ ಗುಮಾಸ್ತ ಹೊರಗೆ ಬಂದ, ನಮ್ಮವ್ವನನ್ನು ನೋಡಿದ, ಕೆಮ್ಮಿದ.

"ಮಡ್ಲಲ್ಲಿ ಏನಮ್ಮ?"

"ಅಕ್ಕಿ ಸಾ."

"ಮದರಾಸು ಸೀಮೆ ಅಕ್ಕಿ ಅತ್ಲಾಗೆ ದಾಟಂಗಿಲ್ಲ. ನಾನೇನ್ ಮಾಡ್ಲಿ, ರೂಲ್ಸು."

ಅವ್ವ ಆಗಲೇ ಗಾಡಿಯಿಂದ ಇಳಿದು ಜಾಲಿಗಿಡದ ಕಡೆ ಹೊರಟಿದ್ದಳು. ನಿನ್ನೆಯ ಮೂರು ಕಲ್ಲು ಹಾಗೇ ಇದ್ದವು. "ಅವ್ವಾ, ಒಲೆ ಬ್ಯಾಡ ಬಾ," ಅಂದೆ. ಇಳಿದೆ. ಮೂರರಲ್ಲಿ ದೊಡ್ಡ ಕಲ್ಲು ನೋಡಿ ಅದರ ಮೇಲೆ ಕೂತೆ. ದೇವರ ಮುಂದೆ ಬಿಚ್ಚಬೇಕಾದ ಗಂಟನ್ನು ಗುಮಾಸ್ತನ ಮುಂದೆ ಬಿಚ್ಚಿದೆ.

"ಹೊಟ್ಟೆ ಒಳಗಿರೋದ್ಕೆ ಕಂಟ್ರೋಲ್ ಇಲ್ವಲ್ಲ ಸಾ?" ಅಂದು ಒಂದು ಹಿಡಿ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡು ಕರಕರ ಅಗಿದೆ. ನುಂಗಿ, ಇನ್ನೊಂದು ಹಿಡಿ ಹಾಕಿಕೊಂಡೆ. ಕದಿಯದೆ ತಿಂದರೆ ಅಷ್ಟು ರುಚಿ ಇರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅವನು ನನ್ನ ಬಾಯಿ ನೋಡಿದ, ಹೊಟ್ಟೆ ನೋಡಿದ, ಮಡಿಲಲ್ಲಿ ಉಳಿದ ಅಕ್ಕಿ ನೋಡಿದ. ಐದನೇ ಹಿಡಿಗೆ ಬಿದಿರು ಎತ್ತಿದ.

ನಾನು ಆರನೆಯದನ್ನೂ ತಿಂದೇ ಎದ್ದೆ.